ಬೆಂಚಿನ ಕೆಳಗಿನ ಪತ್ತೇದಾರ



ಕಳೆದ ತಿಂಗಳು ಮೊಮ್ಮಗ ರಜೆಗೆಂದು ವರ್ತೂರಿಗೆ ಬಂದಿದ್ದಾಗ ತನ್ನ ಕಂಪ್ಯೂಟರಿನಲ್ಲಿ ನನಗೊಂದು ಅಮೆರಿಕದ ಚಲನಚಿತ್ರವನ್ನು ತೋರಿಸಿದ. 'ಬ್ರಿಕ್' ಎಂದು ಅದರ ಹೆಸರು. ಇಟ್ಟಿಗೆ ಎಂದರೆ ಮನೆ ಕಟ್ಟುವ ಕಥೆಯೇನೋ ಎಂದುಕೊಂಡು ಕುಳಿತೆ. ಅಲ್ಲಿ ಇಟ್ಟಿಗೆಯೆಂದರೆ ಇಟ್ಟಿಗೆಯಾಕಾರದಲ್ಲಿ ಅದುಮಿದ ಹೆರಾಯಿನ್ ಎಂಬ ಮಾದಕ ವಸ್ತುವಿನ ಗಟ್ಟಿ. ಕಥೆ ನಡೆಯುವುದು ಒಂದು ಪ್ರೌಢಶಾಲೆಯಲ್ಲಿ. ಬ್ರೆಂಡನ್ ಎಂಬ ಹುಡುಗನಿಗೆ ಅವನಿಂದ ದೂರವಾಗಿದ್ದ ಗೆಳತಿಯೊಬ್ಬಳು ಭಯದಿಂದ ದೂರವಾಣಿ ಕರೆ ಮಾಡುತ್ತಾಳೆ. ಎರಡು ದಿನಗಳಲ್ಲಿ ಆಕೆ ಒಂದು ಮೋರಿಯ ಬಾಯಲ್ಲಿ ಹೆಣವಾಗಿ ಬಿದ್ದಿರುತ್ತಾಳೆ. ಹುಡುಗ ಪೊಲೀಸರಿಗೆ ತಿಳಿಸುವುದಿಲ್ಲ, ಮನೆಯಲ್ಲಿ ಹೇಳುವುದಿಲ್ಲ. ಹೆಣವನ್ನು ಮೋರಿಯೊಳಗೆ ಅಡಗಿಸಿ, ಕೊಂದವರು ಯಾರೆಂದು ತಾನೇ ಹುಡುಕಲು ಹೊರಡುತ್ತಾನೆ.

ಎಂಟು ದಶಕಗಳ ಹತ್ತಿರಕ್ಕೆ ಬಂದಿರುವ ಮುದುಕನಿಗೆ ಇಂಥ ಚಿತ್ರವನ್ನು ತೋರಿಸುವುದೇ ಎಂದು ನನ್ನ ಸೊಸೆ ಮಗನನ್ನು ಗದರಿದಳು. ನಾನು ಮಾತ್ರ ಅಲುಗಾಡದೆ ಕೊನೆಯವರೆಗೂ ನೋಡಿದೆ. ಕಾರಣ ಕೊಲೆಯಲ್ಲ. ಆ ಚಿತ್ರದಲ್ಲಿ ಉಪಾಧ್ಯಾಯವರ್ಗದ ಒಬ್ಬನೇ ಒಬ್ಬ ಮನುಷ್ಯ ಬರುತ್ತಾನೆ, ಸಹಾಯಕ ಉಪಪ್ರಾಂಶುಪಾಲ. ತನ್ನ ಕೋಣೆಯಲ್ಲಿ ಕುಳಿತು ಆತ ಹುಡುಗನೊಡನೆ ಚೌಕಾಸಿ ಮಾಡುತ್ತಾನೆ: ನೀನು ಹೆಸರುಗಳನ್ನು ಹೇಳು, ನಾನು ನಿನ್ನ ತಪ್ಪುಗಳನ್ನು ನೋಡಿಯೂ ನೋಡದಂತಿರುತ್ತೇನೆ. ಹಿಂದೊಮ್ಮೆ ಹಾಗೆ ಒಬ್ಬನನ್ನು ಹಿಡಿದುಕೊಟ್ಟಿದ್ದ ಹುಡುಗ ಈಗ ಒಪ್ಪುವುದಿಲ್ಲ. ಆ ದೃಶ್ಯದಲ್ಲಿ ಹುಡುಗನ ಕಡೆ ನಿಲ್ಲಬೇಕೋ ಮೇಜಿನ ಈಚೆಗೆ ಕುಳಿತವನ ಕಡೆ ನಿಲ್ಲಬೇಕೋ ತಿಳಿಯದೆ ನನಗೆ ಬಹಳ ಇರುಸುಮುರುಸಾಯಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಪಾಠ ಮಾಡಿದ ಚಟ ಅಷ್ಟು ಬೇಗ ಬಿಡುವುದಿಲ್ಲ.

ಈ ಬಗೆಯ ಚಿತ್ರಗಳಿಗೆ 'ಫಿಲ್ಮ್ ನ್ವಾರ್' ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಕಪ್ಪು ಚಿತ್ರ ಎಂದರ್ಥ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಅಮೆರಿಕದ ಚಿತ್ರಗಳು ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಅವೆಲ್ಲ ಒಟ್ಟಿಗೆ ಬಂದಾಗ, ಕೆಲವು ಅಪರಾಧ ಚಿತ್ರಗಳಲ್ಲಿ ಹೊಸದೊಂದು ಕತ್ತಲೆ ಇರುವುದನ್ನು ನೀನೋ ಫ್ರಾಂಕ್ ಎಂಬ ವಿಮರ್ಶಕ ಗುರುತಿಸಿ 1946ರಲ್ಲಿ ಆ ಹೆಸರನ್ನು ಬಳಸಿದ. ಅಮೆರಿಕದಲ್ಲಿ ಅವನ್ನು ತೆಗೆದವರಲ್ಲಿ ಹಲವರು ಹಿಟ್ಲರನಿಂದ ತಪ್ಪಿಸಿಕೊಂಡು ಹೋದವರು. ಫ್ರಿಟ್ಸ್ ಲ್ಯಾಂಗ್, ಬಿಲ್ಲಿ ವೈಲ್ಡರ್ ಮೊದಲಾದವರು ನೆರಳು ಬೆಳಕಿನ ಆಟವನ್ನು ಬರ್ಲಿನ್ನಿನಿಂದಲೇ ಕಲಿತು ಹೋಗಿದ್ದರು. ಕಥೆಗಳು ಮಾತ್ರ ಅಮೆರಿಕದವೇ. ಅವುಗಳ ಮೂಲಪುರುಷರಲ್ಲಿ ಒಬ್ಬ ಡ್ಯಾಶಿಯಲ್ ಹ್ಯಾಮೆಟ್, ಸ್ವತಃ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದವನು. ಅವನ 'ದಿ ಮಾಲ್ಟೀಸ್ ಫಾಲ್ಕನ್' ಕಾದಂಬರಿ 1930ರಲ್ಲಿ ಪುಸ್ತಕವಾಗಿ ಬಂತು. ಜಾನ್ ಹ್ಯೂಸ್ಟನ್ ಅದನ್ನು ತೆರೆಗೆ ತಂದದ್ದು 1941ರಲ್ಲಿ.

ಷರ್ಲಾಕ್ ಹೋಮ್ಸನ ಕಥೆಗಳಿಗೂ ಇವಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹೋಮ್ಸ್ ಕೊಲೆಗಾರನನ್ನು ಹಿಡಿದುಕೊಟ್ಟ ಮೇಲೆ ಊರು ಮೊದಲಿನಂತೆ ನೆಮ್ಮದಿಯಾಗುತ್ತದೆ. ಹ್ಯಾಮೆಟನ ಲೋಕದಲ್ಲಿ ಅಪರಾಧಿ ಸಿಕ್ಕಿದರೂ ಯಾರಿಗೂ ನೆಮ್ಮದಿಯಿಲ್ಲ. ಪೊಲೀಸರನ್ನೂ ನಂಬುವಂತಿಲ್ಲ, ಪ್ರೀತಿಸಿದವರನ್ನೂ ನಂಬುವಂತಿಲ್ಲ. ಪತ್ತೇದಾರ ಒಂಟಿ.

'ಬ್ರಿಕ್' ಚಿತ್ರದ ನಿರ್ದೇಶಕ ರಯಾನ್ ಜಾನ್ಸನ್ ಮಾಡಿದ ಕೆಲಸ ಇಷ್ಟೇ: ಹ್ಯಾಮೆಟನ ಆ ಲೋಕವನ್ನು ಎತ್ತಿ ತಾನು ಓದಿದ ಪ್ರೌಢಶಾಲೆಯಲ್ಲಿ ಇಟ್ಟ. ಕ್ಯಾಲಿಫೋರ್ನಿಯದ ಸ್ಯಾನ್ ಕ್ಲೆಮೆಂಟೆ ಎಂಬ ಕಡಲತೀರದ ಊರಿನ ಶಾಲೆ ಅದು. ಚಿತ್ರಕಥೆ ಬರೆದ ಮೇಲೆ ಹಣಕ್ಕಾಗಿ ವರ್ಷಗಟ್ಟಲೆ ಅಲೆದು, ಕೊನೆಗೆ ಬಂಧುಮಿತ್ರರಿಂದ ಕೂಡಿಸಿ, ಐದು ಲಕ್ಷ ಡಾಲರಿಗೂ ಕಡಿಮೆ ವೆಚ್ಚದಲ್ಲಿ ಚಿತ್ರ ಮುಗಿಸಿದನಂತೆ. ಸಂಗೀತ ಸೋದರಸಂಬಂಧಿಯದು, ಸಂಕಲನ ಮನೆಯ ಕಂಪ್ಯೂಟರಿನಲ್ಲಿ. 2005ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ಸ್ವೋಪಜ್ಞತೆಗಾಗಿ ವಿಶೇಷ ಪ್ರಶಸ್ತಿ ಬಂತು. ಹದಿನೇಳರ ಹುಡುಗರು 1930ರ ಪತ್ತೇದಾರರಂತೆ ಮಾತನಾಡುವುದನ್ನು ಕೇಳಿ ಮೊದಲು ನಗು ಬರುತ್ತದೆ. ಹತ್ತು ನಿಮಿಷದಲ್ಲಿ ನಗು ನಿಲ್ಲುತ್ತದೆ. ಏಕೆಂದರೆ ಹುಡುಗರಿಗೆ ತಮ್ಮದೇ ಗುಪ್ತಭಾಷೆ, ತಮ್ಮದೇ ಕಾನೂನು, ತಮ್ಮದೇ ಪಾಳೆಯಗಾರರು ಇರುವುದು ನಿಜವೇ ತಾನೇ? ಮಾದಕ ವಸ್ತು ಮಾರುವ ತಂಡದ ನಾಯಕನ ಮನೆಯಲ್ಲಿ ಅವನ ತಾಯಿ, ಕೆಳಗಿನ ಕೋಣೆಯಲ್ಲಿ ಏನು ನಡೆಯುತ್ತಿದೆಯೆಂಬುದರ ಅರಿವೇ ಇಲ್ಲದೆ, ಮಗನ ಗೆಳೆಯರಿಗೆ ಹಣ್ಣಿನ ರಸ ಕೊಟ್ಟು ಉಪಚರಿಸುತ್ತಾಳೆ. ಇಡೀ ಚಿತ್ರದಲ್ಲಿ ನನಗೆ ತೀರ ಭಯಂಕರವೆನಿಸಿದ್ದು ಅದೇ ದೃಶ್ಯ.

ಇನ್ನು ನಮ್ಮ ಕನ್ನಡಕ್ಕೆ ಬರೋಣ.

ನಮ್ಮಲ್ಲಿ ಪತ್ತೇದಾರಿ ಕಥೆಯೆಂದರೆ ಹದಿಹರೆಯದವರ ಸೊತ್ತು. ದೊಡ್ಡವರು ಓದುತ್ತಿರಲಿಲ್ಲವೆಂದಲ್ಲ, ಓದಿದರೂ ಒಪ್ಪಿಕೊಳ್ಳುತ್ತಿರಲಿಲ್ಲ. ಈ ಪುಟವನ್ನು ಓದುತ್ತಿರುವ ನಿಮ್ಮಲ್ಲಿ ಐವತ್ತು ದಾಟಿದವರಿಗೆ ಎನ್. ನರಸಿಂಹಯ್ಯನವರ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ, ಬರೆದದ್ದು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳು. 1950ರ ದಶಕದ ಆರಂಭದಲ್ಲಿ ಅವರ ಪತ್ತೇದಾರ ಪುರುಷೋತ್ತಮ ಕನ್ನಡನಾಡಿನ ಹುಡುಗರ ಮನಸ್ಸಿಗೆ ಲಗ್ಗೆಯಿಟ್ಟ. ಆಮೇಲೆ ಮಧುಸೂದನ, ಅರಿಂಜಯ, ಗಾಳಿರಾಮ ಬಂದರು. 2011ರಲ್ಲಿ ನರಸಿಂಹಯ್ಯನವರು ತೀರಿಕೊಂಡಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಆ ಹೊತ್ತಿಗೆ ಬ್ಯಾಂಕಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದವನು, ದೂರವಾಣಿಯಲ್ಲಿ ಹೇಳಿದ: "ಸಾರ್, ನಾನು ಕನ್ನಡ ಓದೋದಕ್ಕೆ ಕಲಿತದ್ದು ನಿಮ್ಮಿಂದ ಅಲ್ಲ, ಪುರುಷೋತ್ತಮನಿಂದ." ನನಗೆ ಆಗ ಸ್ವಲ್ಪ ನೋವಾಯಿತು. ಈಗ ಯೋಚಿಸಿದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹಳಗನ್ನಡದ ಪದ್ಯವನ್ನು ನಾಲ್ಕು ಸಲ ಬಿಡಿಸಿ ಹೇಳಿದರೂ ಆಕಳಿಸುತ್ತಿದ್ದ ಹುಡುಗ, ನೂರಿಪ್ಪತ್ತು ಪುಟಗಳ ಕಾದಂಬರಿಯನ್ನು ಒಂದೇ ರಾತ್ರಿ ಬುಡ್ಡಿದೀಪದಲ್ಲಿ ಮುಗಿಸುತ್ತಿದ್ದನಲ್ಲ!

ನರಸಿಂಹಯ್ಯನವರ ಬೆನ್ನಿಗೆ ಟಿ.ಕೆ. ರಾಮರಾವ್ ಬಂದರು, ಜಿಂದೆ ನಂಜುಂಡಸ್ವಾಮಿ ಬಂದರು, ಇನ್ನೂ ಹಲವರು ಬಂದರು. ರಾಮರಾಯರ ಹೆಸರು 'ಬಂಗಾರದ ಮನುಷ್ಯ'ದಿಂದ ಮನೆಮಾತಾಯಿತು, ಆದರೆ ರಹಸ್ಯದ ಕಥೆಗಳಲ್ಲಿಯೂ ಅವರದು ನುರಿತ ಕೈ. ಈ ಪುಸ್ತಕಗಳು ಹೆಚ್ಚಾಗಿ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಬಾಳಿದವು. ದಿನಕ್ಕೆ ಇಷ್ಟು ಪೈಸೆಯೆಂದು ತಂದು, ಕೈಯಿಂದ ಕೈಗೆ ಸಾಗಿ, ರಟ್ಟು ಕಿತ್ತು, ಕೊನೆಯ ಪುಟ ಹರಿದು ಹೋಗುವವರೆಗೂ ಓದಿಸಿಕೊಂಡವು. ಕೊನೆಯ ಪುಟ ಹರಿದ ಪತ್ತೇದಾರಿ ಕಾದಂಬರಿಗಿಂತ ದೊಡ್ಡ ಅನ್ಯಾಯ ಹದಿನೈದರ ಹುಡುಗನಿಗೆ ಬೇರೊಂದಿಲ್ಲ.

ತೆರೆಯ ಮೇಲೆಯೂ ಹಾಗೆಯೇ. 1968ರಲ್ಲಿ ದೊರೆ-ಭಗವಾನ್ ಜೋಡಿಯ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಅವರು ಸಿ.ಐ.ಡಿ. 999 ಆಗಿ ಬಂದರು. ಅದೇ ವರ್ಷ ಗೋವಾಕ್ಕೆ ಹೋದರು, ಮರುವರ್ಷ 'ಆಪರೇಷನ್ ಜಾಕ್‌ಪಾಟ್' ಆಯಿತು. ಮಕ್ಕಳನ್ನೇ ಪತ್ತೇದಾರರನ್ನಾಗಿ ಮಾಡಿದ ಕೀರ್ತಿ ಗೀತಪ್ರಿಯರ 'ಪುಟಾಣಿ ಏಜೆಂಟ್ 1-2-3' ಚಿತ್ರದ್ದು, 1979ರಲ್ಲಿ. ಎರಡು ವರ್ಷದ ಮೇಲೆ ರಾಜೇಂದ್ರಸಿಂಗ್ ಬಾಬು ಅವರ 'ಸಿಂಹದ ಮರಿ ಸೈನ್ಯ' ಬಂತು. ಮುಂದೆ ದಕ್ಷಿಣ ದೇಶದಲ್ಲೆಲ್ಲ ಹೆಸರಾದ ಅರ್ಜುನ್ ಸರ್ಜಾ ಮೊದಲು ಕಾಣಿಸಿಕೊಂಡದ್ದು ಅದರಲ್ಲಿಯೇ. ಇದು ನಮ್ಮಲ್ಲಿ ಮಾತ್ರ ಇದ್ದ ವಿಷಯವೇನಲ್ಲ. ಜರ್ಮನ್ ಲೇಖಕ ಎರಿಕ್ ಕೆಸ್ಟ್ನರ್ 1929ರಲ್ಲಿಯೇ ಎಮಿಲ್ ಎಂಬ ಹುಡುಗ ಬರ್ಲಿನ್ನಿನಲ್ಲಿ ಕಳ್ಳನನ್ನು ಬೆನ್ನಟ್ಟುವ ಕಥೆ ಬರೆದಿದ್ದ. ಬಂಗಾಳದಲ್ಲಿ ಸತ್ಯಜಿತ್ ರಾಯ್ ಅವರ ಫೆಲುದಾ 1965ರಲ್ಲಿ ಹುಟ್ಟಿದಾಗ, ಕಥೆ ಹೇಳುವವನು ಹದಿಹರೆಯದ ತಮ್ಮ ತೊಪ್ಸೆ.

ಆದರೆ ಈ ಎಲ್ಲ ಬಾಲ ಪತ್ತೇದಾರರ ಕಥೆಗಳಲ್ಲಿಯೂ ಒಂದು ಕರಾರು ಇದೆ. ಕಳ್ಳರು ದೊಡ್ಡವರು, ಹೊರಗಿನವರು. ಹುಡುಗರೆಲ್ಲ ಒಳ್ಳೆಯವರು. ಕೊನೆಗೆ ಪೊಲೀಸರು ಬರುತ್ತಾರೆ, ತಂದೆತಾಯಿಗಳು ಬರುತ್ತಾರೆ, ಹುಡುಗರ ಬೆನ್ನು ತಟ್ಟುತ್ತಾರೆ. ಅಪರಾಧ ಹುಡುಗರ ನಡುವೆಯೇ ಇದ್ದರೆ? ಹೇಳಿಕೊಳ್ಳಲು ನಂಬಿಕೆಯ ಹಿರಿಯರೇ ಇಲ್ಲದಿದ್ದರೆ? ಈ ಪ್ರಶ್ನೆಯನ್ನು ಆ ಚಿತ್ರಗಳು ಕೇಳಲಿಲ್ಲ.

ಕೇಳಿದ ಒಂದು ಕನ್ನಡ ಚಿತ್ರವಿದೆ, ಆದರೆ ಅದನ್ನು ಯಾರೂ ಈ ಸಾಲಿನಲ್ಲಿ ಇಟ್ಟು ನೋಡುವುದಿಲ್ಲ. 1972ರ 'ನಾಗರಹಾವು'. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ ಅವರು ತೆಗೆದ ಚಿತ್ರ. ಚಿತ್ರದುರ್ಗದ ಕೋಟೆ, ವಿಷ್ಣುವರ್ಧನ್, ಹಾಡುಗಳು, ಇಷ್ಟೇ ಎಲ್ಲರ ನೆನಪಿನಲ್ಲಿರುವುದು. ಸ್ವಲ್ಪ ತಡೆದು ಕಥೆಯನ್ನು ಮಾತ್ರ ನೋಡಿ. ಕಾಲೇಜು ಹುಡುಗ ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಜಾತಿಯ ಕಾರಣಕ್ಕೆ ಆ ಪ್ರೀತಿಯನ್ನು ಬಿಡುವಂತೆ ಚಾಮಯ್ಯ ಮೇಷ್ಟ್ರು ಅವನ ಮನಸ್ಸನ್ನು ಒಲಿಸುತ್ತಾರೆ. ಮೇಷ್ಟ್ರ ಮಾತಿಗೆ ಬೆಲೆಕೊಟ್ಟು ಹುಡುಗ ಬಿಡುತ್ತಾನೆ. ವರ್ಷಗಳ ಮೇಲೆ, ಮದುವೆಯಾಗಿ ಹೋದ ಅದೇ ಅಲಮೇಲು ಒಂದು ಹೋಟೆಲಿನ ಕೋಣೆಯಲ್ಲಿ ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ ಅವನ ಕಣ್ಣಿಗೆ ಬೀಳುತ್ತಾಳೆ. ಇದಕ್ಕಿಂತ ಕಪ್ಪು ಚಿತ್ರ ಯಾವುದಿದೆ? ಇಲ್ಲಿ ಕೊಲೆಗಾರನನ್ನು ಹುಡುಕಬೇಕಾಗಿಲ್ಲ. ತಪ್ಪು ಮಾಡಿದವರು ಯಾರೆಂದು ಕೇಳುತ್ತ ಹೋದರೆ ದಾರಿ ನೇರವಾಗಿ ಮೇಷ್ಟ್ರ ಮನೆಬಾಗಿಲಿಗೆ ಬರುತ್ತದೆ. ಅಲ್ಲಿ ಕೇಡು ಮಾಡಿದವರು ಕೆಟ್ಟವರಲ್ಲ. ಹುಡುಗನನ್ನು ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸಿದ, ಅವನ ಮನಸ್ಸು ತನಗೆ ಪೂರ್ತಿಯಾಗಿ ತಿಳಿದಿದೆಯೆಂದು ನಂಬಿದ ಗುರು. ಕೊನೆಗೆ ಬೆಟ್ಟದ ಮೇಲೆ ಗುರುವೂ ಉಳಿಯುವುದಿಲ್ಲ, ಶಿಷ್ಯನೂ ಉಳಿಯುವುದಿಲ್ಲ. ಕೆ.ಎಸ್. ಅಶ್ವತ್ಥರ ಆ ಮುಖವನ್ನು ನೋಡಿ, ನಾನೂ ಚಾಮಯ್ಯನವರಂಥ ಮೇಷ್ಟ್ರಾಗಬೇಕು ಎಂದು ಆಸೆಪಟ್ಟವನು ನಾನು. ಅವರ ತಪ್ಪನ್ನೂ ಸೇರಿಸಿಕೊಂಡು ಆಸೆಪಟ್ಟಿದ್ದೇನೆಂದು ಆಗ ಹೊಳೆದಿರಲಿಲ್ಲ.

ಆಮೇಲಿನ ಕಪ್ಪು ಚಿತ್ರಗಳನ್ನು ಬೇಗ ದಾಟುತ್ತೇನೆ, ಎಲ್ಲವನ್ನೂ ನಾನು ನೋಡಿಲ್ಲ. 1978ರಲ್ಲಿ ಕಾಶೀನಾಥರ 'ಅಪರಿಚಿತ', 1989ರಲ್ಲಿ ಸುನಿಲ್‌ಕುಮಾರ್ ದೇಸಾಯಿಯವರ 'ತರ್ಕ' ಹೆಸರು ಮಾಡಿದವು. 2014ರಲ್ಲಿ ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' ಬಂತು. ಕರಾವಳಿಯ ಮಲ್ಪೆಯ ಕಥೆ, ಒಂದೇ ಸಂಗತಿಯನ್ನು ಬೇರೆ ಬೇರೆಯವರ ಕಣ್ಣಿನಿಂದ ಹೇಳುತ್ತದೆ. ಅದರಲ್ಲಿ ಬಾಲ್ಯದಲ್ಲಿ ನಡೆದುಹೋದ ಒಂದು ಕೊಲೆ ಆ ಗೆಳೆಯರನ್ನು ದೊಡ್ಡವರಾದ ಮೇಲೂ ಬಿಡುವುದಿಲ್ಲ. 2019ರಲ್ಲಿ ರೂಪಾ ರಾವ್ ಅವರ 'ಗಂಟುಮೂಟೆ' ಬಂದಾಗ, ಹೈಸ್ಕೂಲು ಹುಡುಗಿಯೊಬ್ಬಳ ಕಣ್ಣಿನಿಂದಲೇ ಶಾಲೆಯನ್ನು ತೋರಿಸಿದ ಕನ್ನಡ ಚಿತ್ರವೊಂದು ಸಿಕ್ಕಿತು. ಅದು ಪತ್ತೇದಾರಿಯಲ್ಲ. ಆದರೂ ಮೇಷ್ಟ್ರುಗಳು ಒಮ್ಮೆ ನೋಡಬೇಕು.

ಈಗ ನನ್ನ ಇರುಸುಮುರುಸಿನ ವಿಷಯ.

1983ನೆಯ ಇಸವಿ. ಆಗಿನ ವರ್ತೂರು ಈಗಿನಂತಲ್ಲ. ಕೆರೆಯ ನೀರು ಗದ್ದೆಗಳಿಗೆ ಹರಿಯುತ್ತಿತ್ತು. ಆ ಕೆರೆಯ ನೊರೆ ರಸ್ತೆಗೆ ಹಾರಿ ಬಂದು ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಚಿತ್ರವಾಗುತ್ತದೆಂದು (ಅದು ಆದದ್ದು 2015ರಲ್ಲಿ) ಯಾರಾದರೂ ಹೇಳಿದ್ದರೆ ಹುಚ್ಚನೆಂದು ನಗುತ್ತಿದ್ದೆವು. ವೈಟ್‌ಫೀಲ್ಡಿನಲ್ಲಿ ಹೆಂಚಿನ ಬಂಗಲೆಗಳಿದ್ದವು, ಗಾಜಿನ ಕಟ್ಟಡಗಳಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಟೆಂಟ್ ಸಿನಿಮಾ ನಿಲ್ಲುತ್ತಿತ್ತು. ನೆಲಕ್ಕೊಂದು ದರ, ಬೆಂಚಿಗೊಂದು ದರ, ಹಿಂದಿನ ಕುರ್ಚಿಗೊಂದು ದರ. ಯಾರು ಎಲ್ಲಿ ಕುಳಿತರೆಂಬುದು ಮಾರನೆಯ ದಿನ ಊರಿಗೆಲ್ಲ ತಿಳಿದಿರುತ್ತಿತ್ತು.

ಆಗ ನಾನು ಈ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಹತ್ತನೆಯ ತರಗತಿಯವರನ್ನು ಬೇಲೂರು ಹಳೇಬೀಡಿಗೆ ಪ್ರವಾಸ ಕರೆದೊಯ್ಯಲು ಹಣ ಕೂಡಿಸುತ್ತಿದ್ದೆ. 186 ರೂಪಾಯಿ ಸೇರಿತ್ತು, ಹೆಚ್ಚಿನದು ಒಂದು ಎರಡು ರೂಪಾಯಿಯ ನೋಟು ಮತ್ತು ಚಿಲ್ಲರೆ. ತರಗತಿಯ ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ಬೀಗ ಹಾಕಿದ ನೆನಪು ನನಗಿತ್ತು, ಹಾಕಿದ್ದೆನೋ ಇಲ್ಲವೋ ದೇವರೇ ಬಲ್ಲ. ಡ್ರಿಲ್ ಪೀರಿಯಡ್ ಮುಗಿದು ಬಂದು ನೋಡಿದರೆ ಹಣವಿಲ್ಲ.

ಡ್ರಿಲ್ಲಿಗೆ ಹೋಗದೆ ತರಗತಿಯಲ್ಲಿ ಉಳಿದಿದ್ದವನು ಒಬ್ಬನೇ. ಅವನಿಗೆ ಬಿಳಿಯ ಶೂ ಇರಲಿಲ್ಲ, ಆದ್ದರಿಂದ ಮೈದಾನಕ್ಕೆ ಬಿಡುತ್ತಿರಲಿಲ್ಲ. ಬಡವರ ಮನೆಯ ಹುಡುಗ, ಕೆರೆಯಾಚೆಯ ಹಳ್ಳಿಯವನು. ಬೆಂಚಿನ ಕೆಳಗೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಓದುತ್ತಾನೆಂದು ಅವನ ಮೇಲೆ ನನಗೆ ಮೊದಲೇ ಸಿಟ್ಟಿತ್ತು. ಆ ದಿನವೂ ಅವನ ಕೈಯಲ್ಲಿ ಒಂದು ಪುಸ್ತಕವಿತ್ತು. ಕಿತ್ತುಕೊಂಡೆ. ಇಂಥ ಪುಸ್ತಕ ಓದಿಯೇ ಕಳ್ಳತನ ಕಲಿಯುವುದು ಎಂದು ತರಗತಿಯ ಮುಂದೆ ಹೇಳಿದೆ. ಮೂರು ದಿನ ಬಾಗಿಲ ಹೊರಗೆ ನಿಲ್ಲಿಸಿದೆ. ಅವನು ಒಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. ನಾಲ್ಕನೆಯ ದಿನದಿಂದ ಶಾಲೆಗೆ ಬರಲಿಲ್ಲ. ಹಣವನ್ನು ನಾನು ಕೈಯಿಂದ ಹಾಕಿದೆ, ಪ್ರವಾಸ ನಡೆಯಿತು. ಹೊಯ್ಸಳೇಶ್ವರ ದೇವಾಲಯದ ಮುಂದೆ ನಿಂತು ತೆಗೆಸಿಕೊಂಡ ಭಾವಚಿತ್ರ ನಿಮ್ಮಲ್ಲಿ ಹಲವರ ಮನೆಗಳಲ್ಲಿ ಇರಬಹುದು. ಅದರಲ್ಲಿ ಅವನಿಲ್ಲ. ಮರುವರ್ಷ ಅವನು ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟಿ ಪಾಸಾದನೆಂದು ಯಾರೋ ಹೇಳಿದರು. ಒಳ್ಳೆಯದಾಯಿತು ಎಂದುಕೊಂಡೆ, ಅಷ್ಟೇ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

2019ರಲ್ಲಿ ಇಲ್ಲಿಯ ಒಂದು ಕಲ್ಯಾಣಮಂಟಪದಲ್ಲಿ, ಊಟದ ಪಂಕ್ತಿಯಲ್ಲಿ, ನರೆತ ತಲೆಯವನೊಬ್ಬ ಬಂದು ಪಕ್ಕದಲ್ಲಿ ಕುಳಿತ. ಹೆಸರು ಹೇಳಿದ. ನನಗೆ ತುತ್ತು ಇಳಿಯಲಿಲ್ಲ. ಅವನು ಮಾತ್ರ ಬಹಳ ಸಲೀಸಾಗಿ ಮಾತು ತೆಗೆದ: "ಸಾರ್, 'ಬೆಲ್ ಬಾಟಂ' ಸಿನಿಮಾ ನೋಡಿದ್ರಾ? ನಮ್ಮಂಥೋರ ಕಥೆ." ಆ ವರ್ಷವೇ ಬಂದಿದ್ದ ಚಿತ್ರ. ಟಿ.ಕೆ. ದಯಾನಂದ ಅವರ ಕಥೆ, ಜಯತೀರ್ಥ ಅವರ ನಿರ್ದೇಶನ. ಪತ್ತೇದಾರಿ ಪುಸ್ತಕ, ಸಿನಿಮಾಗಳ ಗೀಳು ಹತ್ತಿಸಿಕೊಂಡ ದಿವಾಕರನೆಂಬ ಹುಡುಗ ಬೆಳೆದು, 1980ರ ದಶಕದಲ್ಲಿ ಪೊಲೀಸ್ ಪೇದೆಯಾಗಿ ಪತ್ತೇದಾರಿಕೆಗೆ ಇಳಿಯುವ ನಗೆಯ ಕಥೆ. ನಾನು ನೋಡಿರಲಿಲ್ಲ. ತಲೆ ಅಲ್ಲಾಡಿಸಿ, ಕೊನೆಗೆ ಧೈರ್ಯ ಮಾಡಿ, ಆ ಹಣದ ವಿಷಯ ಕೇಳಿದೆ.

"ನಾನು ತಗೊಂಡಿರಲಿಲ್ಲ ಸಾರ್," ಎಂದ. "ಯಾರು ಅಂತ ನಾಲ್ಕೇ ದಿನದಲ್ಲಿ ಕಂಡುಹಿಡಿದಿದ್ದೆ."

ಹೇಗೆಂದು ಕೇಳಿದೆ. ಅವನು ಎಲೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಟೆಂಟಿನ ನಕ್ಷೆ ತೋರಿಸಿದ. ಅವನಿಗೆ ಟಿಕೀಟಿಗೆ ಕಾಸಿಲ್ಲದೆ ಪರದೆಯ ಬದಿಯಿಂದ ಬಟ್ಟೆ ಎತ್ತಿ ನುಸುಳುವ ಅಭ್ಯಾಸ. ಆ ಜಾಗದಿಂದ ಚಿತ್ರ ಓರೆಯಾಗಿ ಕಾಣುತ್ತದೆ, ಆದರೆ ಪ್ರೇಕ್ಷಕರ ಮುಖಗಳು ಚೆನ್ನಾಗಿ ಕಾಣುತ್ತವೆ. ಯಾವಾಗಲೂ ನೆಲದಲ್ಲಿ ಕೂರುತ್ತಿದ್ದ ನಮ್ಮ ತರಗತಿಯ ಹುಡುಗನೊಬ್ಬ ಆ ವಾರ ಮೂರು ಸಲ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದ. ಮಧ್ಯಂತರದಲ್ಲಿ ಇತರರಿಗೆ ಸೋಡ ಕೊಡಿಸಿದ್ದ. ಸೋಡದವನಿಗೆ ಕೊಟ್ಟದ್ದು ಒಂದು ರೂಪಾಯಿಯ ನೋಟುಗಳು, ಎಲ್ಲವೂ ಉದ್ದಕ್ಕೆ ಎರಡಾಗಿ ಮಡಚಿದವು. ಹಾಗೆ ಉದ್ದಕ್ಕೆ ಮಡಚಿ ಕಟ್ಟು ಕಟ್ಟುವುದು ಯಾರ ಅಭ್ಯಾಸ? ನನ್ನದು. ಈಗಲೂ ಹಾಗೆಯೇ ಮಡಚುತ್ತೇನೆ. ಡ್ರಿಲ್ಲಿನ ನಡುವೆ ಚೆಂಡು ತರುವ ನೆಪದಲ್ಲಿ ಆ ಹುಡುಗ ಒಳಗೆ ಬಂದು ಹೋದದ್ದನ್ನು ಇವನು ಪುಸ್ತಕದಿಂದ ತಲೆಯೆತ್ತದೆಯೇ ಗಮನಿಸಿದ್ದ. ಪೂರ್ತಿ ಅರ್ಥವಾದದ್ದು ಸೋಡದ ಗಾಡಿಯ ಬಳಿ.

"ಮತ್ತೆ ನನಗೇಕೆ ಹೇಳಲಿಲ್ಲವಪ್ಪ?"

"ಮೇಷ್ಟ್ರಿಗೆ ಹೇಳೋದಾ ಸಾರ್?" ಎಂದು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಅಲ್ಲದೆ, ಯಾರು ಕದ್ದರು ಅಂತ ನೀವು ಕೇಳ್ಲೇ ಇಲ್ಲ. ಯಾಕೆ ಕದ್ದೆ ಅಂತ ಕೇಳಿದ್ರಿ," ಎಂದ.

ಆ ಇನ್ನೊಬ್ಬನ ಹೆಸರನ್ನು ಮೂವತ್ತಾರು ವರ್ಷದ ಮೇಲೂ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. 'ಬ್ರಿಕ್' ಚಿತ್ರದಲ್ಲಿ ಮೇಜಿನ ಆಚೆ ನಿಂತು ಹೆಸರು ಹೇಳಲಾರೆನೆಂದ ಹುಡುಗನನ್ನು ನೋಡಿದಾಗ ನನಗೆ ಕಂಡದ್ದು ಇವನ ಮುಖ. ಪ್ರತಿ ತರಗತಿಯಲ್ಲಿಯೂ ಒಬ್ಬ ಮಾನಿಟರನನ್ನು ನೇಮಿಸಿ, ಗಲಾಟೆ ಮಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಸಿ, ಮಕ್ಕಳ ವಿಷಯವೆಲ್ಲ ನನಗೆ ತಿಳಿದಿದೆ ಎಂದುಕೊಂಡಿದ್ದೆ. ನನಗೆ ತಿಳಿಯುತ್ತಿದ್ದದ್ದು ಹಲಗೆಯ ಮೇಲೆ ಬರೆದಷ್ಟು ಮಾತ್ರ.

ಆ ತಂಡದ ಹಲವರು ಈ ಪುಟವನ್ನು ಓದುತ್ತೀರೆಂದು ಬಲ್ಲೆ. ಆ ದಿನ ತರಗತಿಯಲ್ಲಿ ಕುಳಿತು ನನ್ನ ಮಾತನ್ನು ಕೇಳಿದವರು ನೀವು. ಹೊರಗೆ ನಿಂತಿದ್ದ ಹುಡುಗ ಯಾರೆಂದು ನಿಮಗೆ ನೆನಪಿರುತ್ತದೆ. ಅವನು ಕಳ್ಳನಲ್ಲ. ಎಲ್ಲರೆದುರು ಹೇಳಿದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಇಲ್ಲಿ ಬರೆದಿದ್ದೇನೆ. ಆ ಇನ್ನೊಬ್ಬನು ಓದುತ್ತಿದ್ದರೆ ಅವನಿಗೂ ಒಂದು ಮಾತು: ನನಗೆ ನಿನ್ನ ಹೆಸರು ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ. ಆದರೆ ಅವನನ್ನು ಒಮ್ಮೆ ಹೋಗಿ ಕಾಣಪ್ಪ.

ಕೈತೊಳೆಯಲು ಎದ್ದಾಗ ಅವನು ಇನ್ನೊಂದು ಮಾತು ಹೇಳಿದ. ನಾನು ಕಿತ್ತುಕೊಂಡ ಪುಸ್ತಕ ಅವನದಲ್ಲ, ಬಾಡಿಗೆ ಅಂಗಡಿಯದು. ಅದರ ಬೆಲೆ ತೆರಲು ಅವನು ಎರಡು ತಿಂಗಳು ಸೊಪ್ಪಿನ ತೋಟದಲ್ಲಿ ನೀರು ಕಟ್ಟಿದನಂತೆ. "ಅದಿರಲಿ ಸಾರ್. ಕೊನೇ ಇಪ್ಪತ್ತು ಪುಟ ಓದೋದಿತ್ತು. ಕೊಲೆ ಮಾಡಿದ್ದು ಯಾರು?"

ಆ ರಾತ್ರಿ ಮನೆಯಲ್ಲಿ ಬಾಗಿಲು ಹಾಕಿಕೊಂಡು ಆ ಪುಸ್ತಕವನ್ನು ನಾನೇ ಓದಿ ಮುಗಿಸಿದ್ದೆ. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಆದರೆ ಕೊಲೆಗಾರ ಯಾರೆಂದು ನೆನಪಿಲ್ಲ, ಪುಸ್ತಕದ ಹೆಸರೂ ಮರೆತುಹೋಗಿದೆ. ಮನೆ ಬದಲಾಯಿಸುವಾಗ ಪುಸ್ತಕ ಎಲ್ಲಿಯೋ ಹೋಯಿತು. ರಕ್ಷಾಪುಟದಲ್ಲಿ ಟಾರ್ಚು ಹಿಡಿದ ಒಬ್ಬ ಮನುಷ್ಯ, ಅವನ ಹಿಂದೆ ಗೋಡೆಯ ಮೇಲೆ ಹೆಂಗಸಿನ ನೆರಳು. ತೋಟದ ಮನೆಯ ಬಾವಿಯಲ್ಲಿ ಹೆಣ ಸಿಗುವುದರಿಂದ ಕಥೆ ಶುರುವಾಗುತ್ತದೆ, ವಕೀಲನೊಬ್ಬ ಬರುತ್ತಾನೆ, ಅವನಿಗೆ ಎಡಗೈಯಲ್ಲಿ ಬರೆಯುವ ಅಭ್ಯಾಸ. ಹಳೆಯ ಪತ್ತೇದಾರಿ ಪುಸ್ತಕಗಳನ್ನು ಇಟ್ಟುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹುಡುಕಿ ತಿಳಿಸಿ. ಕೊನೆಯ ಪುಟಗಳು ಹರಿಯದೆ ಇರುವ ಪ್ರತಿಯೇ ಬೇಕು.